ಅವಳನ್ನು ಎಬ್ಬಿಸಿದ ಮೇಲೆ: ‘ಪ್ಯಾಸೆಂಜರ್ಸ್’ ಸಿನಿಮಾದ ಒಂದು ಪ್ರಕರಣ ಅಧ್ಯಯನ

ಪ್ರೇಮಕಥೆಯೊಂದು ಸೋತರೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗುವುದು ಅಪರೂಪ. ಕಥೆ ಹಳಸಲು, ಜೋಡಿ ಹೊಂದಲಿಲ್ಲ, ಮಾತು ಸಪ್ಪೆ ಎಂದು ಹೇಳಿ ಎದ್ದುಬರಬಹುದು. 2016ರ ಡಿಸೆಂಬರ್‌ನಲ್ಲಿ ತೆರೆಗೆ ಬಂದ ಹಾಲಿವುಡ್‌ನ ‘ಪ್ಯಾಸೆಂಜರ್ಸ್’ ಸಿನಿಮಾವನ್ನು ಹಾಗೆ ಕೈಬಿಡಲು ನನಗೆ ಸಾಧ್ಯವಾಗಿಲ್ಲ. ಒಂಟಿತನ ಮನುಷ್ಯನನ್ನು ಏನು ಮಾಡುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ಅರಿತು ಶುರುವಾದ ಜನಪ್ರಿಯ ಸಿನಿಮಾಗಳು ಕಡಿಮೆ. ಆಪ್ತತೆ ಎಂದರೇನು ಎಂಬ ಪ್ರಶ್ನೆ ಎದುರಾದ ಕೂಡಲೇ ಇಷ್ಟು ಅವಸರದಿಂದ ಓಡಿಹೋದವೂ ಕಡಿಮೆ. ಈ ಎರಡರ ನಡುವೆ ಏನಾಯಿತು ಎಂದು ನೋಡುವುದೇ ಈ ಬರಹದ ಕೆಲಸ. ಅದಕ್ಕಾಗಿ ಕಥೆಯನ್ನು ಕೊನೆಯವರೆಗೂ ಹೇಳಬೇಕಾಗುತ್ತದೆ. ಸಿನಿಮಾ ನೋಡದವರು ಇದನ್ನು ತಿಳಿದುಕೊಂಡೇ ಮುಂದೆ ಓದಬೇಕು.

ಕೊರತೆ ಹಣದ್ದೂ ಅಲ್ಲ, ಪ್ರತಿಭೆಯದ್ದೂ ಅಲ್ಲ. ನಿರ್ದೇಶಕ ನಾರ್ವೆಯ ಮೊರ್ಟೆನ್ ಟಿಲ್ಡಮ್. ಜಾನ್ ಸ್ಪೇಟ್ಸ್ ಬರೆದ ಚಿತ್ರಕಥೆ 2007ರಷ್ಟು ಹಿಂದೆಯೇ ‘ಬ್ಲ್ಯಾಕ್ ಲಿಸ್ಟ್’ ಸೇರಿತ್ತು. ಹಾಲಿವುಡ್‌ನಲ್ಲಿ ಇನ್ನೂ ಸಿನಿಮಾ ಆಗದ, ಆದರೆ ಓದಿದವರೆಲ್ಲ ಮೆಚ್ಚಿದ ಚಿತ್ರಕಥೆಗಳ ವಾರ್ಷಿಕ ಪಟ್ಟಿ ಅದು. ಮುಖ್ಯ ಪಾತ್ರಗಳಲ್ಲಿ ಜೆನಿಫರ್ ಲಾರೆನ್ಸ್ ಮತ್ತು ಕ್ರಿಸ್ ಪ್ರ್ಯಾಟ್. ಇಬ್ಬರೂ ಆಗ ಬೇಡಿಕೆಯ ತುದಿಯಲ್ಲಿದ್ದವರು. ಸುಮಾರು 11 ಕೋಟಿ ಡಾಲರ್ ವೆಚ್ಚದ ಸಿನಿಮಾ ಜಗತ್ತಿನಾದ್ಯಂತ 30 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಥಾಮಸ್ ನ್ಯೂಮನ್ ಅವರ ಸಂಗೀತಕ್ಕೂ ಕಲಾ ವಿನ್ಯಾಸಕ್ಕೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಲೆಕ್ಕದ ಪುಸ್ತಕದಲ್ಲಿ ಇದು ಸೋತ ಸಿನಿಮಾ ಅಲ್ಲವೇ ಅಲ್ಲ. ಆದರೂ ವಿಮರ್ಶಕರಲ್ಲಿ ಬಹುಪಾಲು ಜನ ಇದನ್ನು ತಿರಸ್ಕರಿಸಿದರು. ಮೆಚ್ಚಿ ನೋಡಿದವರಲ್ಲೂ ಎಷ್ಟೋ ಜನರಿಗೆ ಏನೋ ಕಿರಿಕಿರಿ ಉಳಿಯಿತು. ಆ ಕಿರಿಕಿರಿಯ ಮೂಲ ಎಲ್ಲಿದೆ?

ಪರಿಸ್ಥಿತಿ

‘ಅವಲಾನ್’ ಎಂಬ ಹಡಗು ಭೂಮಿಯಿಂದ ‘ಹೋಮ್‌ಸ್ಟೆಡ್ 2’ ಎಂಬ ಹೊಸ ಗ್ರಹಕ್ಕೆ ಹೊರಟಿದೆ. ಪ್ರಯಾಣ 120 ವರ್ಷಗಳದ್ದು. 5,000 ಪ್ರಯಾಣಿಕರು, ಜೊತೆಗೆ 258 ಸಿಬ್ಬಂದಿ. ಎಲ್ಲರೂ ಗಾಜಿನ ನಿದ್ರಾಕೋಶಗಳಲ್ಲಿ ವಯಸ್ಸಾಗದೆ ಮಲಗಿದ್ದಾರೆ. ಗ್ರಹ ತಲುಪಲು ನಾಲ್ಕು ತಿಂಗಳಿರುವಾಗ ಏಳಬೇಕಾದವರು. ಹೊರಟು 30 ವರ್ಷವಾದಾಗ ಹಡಗಿಗೆ ಬಾಹ್ಯಾಕಾಶದ ಬಂಡೆ ಬಡಿದು, ಒಂದು ಕೋಶ ಕೆಟ್ಟು, ಜಿಮ್ ಪ್ರೆಸ್ಟನ್ ಎಂಬ ಮೆಕ್ಯಾನಿಕಲ್ ಎಂಜಿನಿಯರ್ ಒಬ್ಬನೇ ಎದ್ದುಬಿಡುತ್ತಾನೆ. ಇನ್ನು 90 ವರ್ಷ ಬಾಕಿ. ಮತ್ತೆ ಮಲಗಿಸುವ ವ್ಯವಸ್ಥೆ ಹಡಗಿನಲ್ಲಿಲ್ಲ. ಸಿಬ್ಬಂದಿ ಮಲಗಿರುವ ಭಾಗದ ಬಾಗಿಲು ಎಷ್ಟು ಬಡಿದರೂ, ಕೊರೆದರೂ ತೆರೆಯುವುದಿಲ್ಲ. ಅವನು ಈ ಹಡಗಿನಲ್ಲೇ ಮುದುಕನಾಗಿ ಸಾಯಬೇಕು.

ಈ ಭಾಗವನ್ನು ಟಿಲ್ಡಮ್ ಮತ್ತು ಸ್ಪೇಟ್ಸ್ ಕಟ್ಟಿರುವ ರೀತಿಯನ್ನು ನಾನು ಮನಸಾರೆ ಹೊಗಳುತ್ತೇನೆ. ಒಂಟಿತನವನ್ನು ತೋರಿಸಲು ಬೇರೆಯವರು ಮೌನವನ್ನೂ ಕತ್ತಲೆಯನ್ನೂ ನೆಚ್ಚಿಕೊಳ್ಳುತ್ತಾರೆ. ಇಲ್ಲಿ ಹಡಗು ಝಗಝಗಿಸುತ್ತದೆ, ಎಲ್ಲ ಕಡೆಯಿಂದಲೂ ಮಾತನಾಡುತ್ತದೆ. ಗೋಡೆಗಳು ಸ್ವಾಗತ ಹೇಳುತ್ತವೆ, ಪರದೆಗಳು ನಗುತ್ತವೆ, ಯಂತ್ರಗಳು ತಟ್ಟೆ ಹಿಡಿದು ಬರುತ್ತವೆ. ಯಾವುದಕ್ಕೂ ಅವನ ಮಾತು ಕೇಳಿಸುವುದಿಲ್ಲ. ತನಗೆ ಅವಧಿಗೆ ಮುಂಚೆ ಎಚ್ಚರವಾಗಿದೆ ಎಂದರೆ, ನಿದ್ರಾಕೋಶ ಕೆಡುವುದು ಸಾಧ್ಯವೇ ಇಲ್ಲ ಎಂಬ ಉತ್ತರ. ಭೂಮಿಗೆ ಸಂದೇಶ ಕಳಿಸಿದರೆ, ಅದು 19 ವರ್ಷಕ್ಕೆ ತಲುಪುತ್ತದೆ, ಮರು ಉತ್ತರಕ್ಕೆ ಕನಿಷ್ಠ 55 ವರ್ಷ ಎಂಬ ವಿನಯಪೂರ್ವಕ ಮಾಹಿತಿ, ಅದರ ಬೆನ್ನಿಗೇ 6,012 ಡಾಲರ್ ಬಿಲ್ಲು. ಅಗ್ಗದ ಟಿಕೆಟಿನವನಾದ್ದರಿಂದ ಒಳ್ಳೆಯ ಕಾಫಿಯೂ ಅವನಿಗಿಲ್ಲ. ಇಡೀ ಹಡಗಿನಲ್ಲಿ ಎಚ್ಚರವಿರುವ ಏಕೈಕ ಮನುಷ್ಯನಿಗೆ ಯಂತ್ರ ಅವನ ದರ್ಜೆಯನ್ನು ದಿನವೂ ನೆನಪಿಸುತ್ತದೆ. ಮಾತಿಗೆ ಉತ್ತರ ಬರುತ್ತಲೇ ಇದ್ದು, ಕೇಳುವವರು ಮಾತ್ರ ಯಾರೂ ಇಲ್ಲದಿರುವ ಈ ಸ್ಥಿತಿಯನ್ನು ಕಂಡಾಗ ಎದೆ ಭಾರವಾಗುತ್ತದೆ.

ಅವನಿಗೆ ಸಿಗುವ ಒಂದೇ ಜೊತೆ ಆರ್ಥರ್. ಮೈಕೇಲ್ ಶೀನ್ ನಟಿಸಿರುವ ಈ ಯಂತ್ರಮಾನವ ಬಾರಿನ ಪರಿಚಾರಕ. ಸೊಂಟದ ಮೇಲೆ ಅಚ್ಚುಕಟ್ಟಾದ ಕೋಟಿನ ಮನುಷ್ಯ, ಕೆಳಗೆ ಕಂಬಿಯ ಮೇಲೆ ಸರಿಯುವ ಯಂತ್ರ. ಸದಾ ಗ್ಲಾಸ್ ಒರೆಸುತ್ತ ಕುಡುಕರಿಗೆ ಹೇಳಬೇಕಾದ ಒಳ್ಳೆಯ ಮಾತುಗಳನ್ನು ಹೇಳುತ್ತಾನೆ. ಎಲ್ಲೋ ಇರಬೇಕಿತ್ತೆಂದು ಹಲುಬುತ್ತ ಇರುವ ಜಾಗದಲ್ಲಿ ಬದುಕುವುದನ್ನು ಮರೆಯಬಾರದು ಎಂಬರ್ಥದ ಸಲಹೆಯನ್ನು ಅವನು ಜಿಮ್‌ಗೆ ಕೊಡುವುದು ಇಲ್ಲಿಯೇ. ಸಲಹೆ ಕೆಲವು ದಿನ ಕೆಲಸ ಮಾಡುತ್ತದೆ. ಜಿಮ್ ಐಷಾರಾಮಿ ಕೋಣೆಗೆ ಬೀಗ ಒಡೆದು ನುಗ್ಗುತ್ತಾನೆ, ಆಟವಾಡುತ್ತಾನೆ, ತಿನ್ನುತ್ತಾನೆ, ಕುಡಿಯುತ್ತಾನೆ. ಒಂದು ವರ್ಷ ಕಳೆಯುವಷ್ಟರಲ್ಲಿ ಗಡ್ಡ ಬೆಳೆದ, ಬಟ್ಟೆಯ ಪರಿವೆಯಿಲ್ಲದ ಮನುಷ್ಯ ಹಡಗಿನಿಂದ ಹೊರಹೋಗುವ ಕೋಣೆಯಾದ ಏರ್‌ಲಾಕ್‌ನ ಒಳಗೆ ಬಾಹ್ಯಾಕಾಶದ ಉಡುಪಿಲ್ಲದೆ ನಿಂತು ಹೊರಬಾಗಿಲ ಗುಂಡಿಯ ಕಡೆಗೆ ಕೈ ಚಾಚುತ್ತಾನೆ. ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದು ಓಡುತ್ತಾನೆ. ಹಾಗೆ ಓಡಿ ಬಿದ್ದ ಜಾಗದಲ್ಲಿಯೇ ಅವನಿಗೆ ಗಾಜಿನಾಚೆ ಮಲಗಿರುವ ಅರೋರಾ ಲೇನ್ ಕಾಣುತ್ತಾಳೆ.

ಒಂಟಿತನವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ಜಾನ್ ಕಸಿಯೊಪ್ಪೊ ಅದನ್ನು ಹಸಿವು, ಬಾಯಾರಿಕೆಗಳ ಸಾಲಿನಲ್ಲಿ ಇರಿಸಿದ್ದರು. ಜನರ ಬಳಿಗೆ ಹೋಗು ಎಂದು ಶರೀರ ಕೊಡುವ ಎಚ್ಚರಿಕೆ ಅದು. ಆ ಎಚ್ಚರಿಕೆಗೆ ಬಹುಕಾಲ ಉತ್ತರ ಸಿಗದೇ ಹೋದಾಗ ಮನುಷ್ಯ ತನ್ನ ಸುತ್ತಲೇ ಸುತ್ತತೊಡಗುತ್ತಾನೆ, ಸ್ವಕೇಂದ್ರಿತನಾಗುತ್ತಾನೆ ಎಂಬುದನ್ನೂ ಅವರ ಸಂಶೋಧನೆ ತೋರಿಸಿತು. ಜಿಮ್‌ನನ್ನು ಅರ್ಥಮಾಡಿಕೊಳ್ಳಲು ಈ ಎರಡು ಮಾತು ಸಾಕು. ಅವನು ದುಷ್ಟನಲ್ಲ. ಹಸಿದವನು, ಹಸಿವೆಯಿಂದಾಗಿ ಇನ್ನೊಬ್ಬರ ಕಡೆಯಿಂದ ನೋಡುವ ಕಣ್ಣು ಮಂಜಾದವನು.

ನಿರ್ಧಾರ

ಅರೋರಾ ಲೇಖಕಿ. ಅವಳ ಯೋಜನೆ ಇತರ ಪ್ರಯಾಣಿಕರ ಹಾಗಲ್ಲ. ಹೊಸ ಗ್ರಹಕ್ಕೆ ಹೋಗಿ, ಒಂದು ವರ್ಷ ಇದ್ದು, ಮತ್ತೆ ಮಲಗಿಕೊಂಡು ಭೂಮಿಗೆ ಮರಳಿ, ಎರಡೂವರೆ ಶತಮಾನದ ಅಂತರದ ಎರಡು ಲೋಕಗಳನ್ನು ಕಂಡ ಮೊದಲ ಲೇಖಕಿಯಾಗಿ ಪುಸ್ತಕ ಬರೆಯಬೇಕು. ಇದಕ್ಕಾಗಿ ಗೆಳತಿಯರನ್ನು, ತನ್ನ ಕಾಲವನ್ನೇ ಬಿಟ್ಟು ಬಂದಿದ್ದಾಳೆ. ಒಬ್ಬ ಮನುಷ್ಯ ತನ್ನ ಬದುಕಿನ ಬಗ್ಗೆ ಇದಕ್ಕಿಂತ ದೊಡ್ಡ ತೀರ್ಮಾನ ಮಾಡುವುದು ಕಷ್ಟ.

ಜಿಮ್ ಅವಳ ಪರಿಚಯದ ವೀಡಿಯೊಗಳನ್ನು ನೋಡುತ್ತಾನೆ, ಅವಳ ಬರಹಗಳನ್ನು ಓದುತ್ತಾನೆ, ಅವಳ ಕೋಶದ ಪಕ್ಕದಲ್ಲಿ ಕುಳಿತು ಉಣ್ಣುತ್ತಾನೆ, ಅವಳ ಬಗ್ಗೆ ಆರ್ಥರ್‌ನ ಬಳಿ ಮಾತನಾಡುತ್ತಾನೆ. ಎಬ್ಬಿಸುವುದು ಹೇಗೆಂದು ಕೈಪಿಡಿ ಓದಿ ಕಲಿಯುತ್ತಾನೆ. ಎಬ್ಬಿಸಿದರೆ ಅವಳೂ ತನ್ನಂತೆ ಇಲ್ಲಿಯೇ ಸಾಯುತ್ತಾಳೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ತಿಂಗಳುಗಟ್ಟಲೆ ತನ್ನೊಂದಿಗೆ ಹೋರಾಡುತ್ತಾನೆ. ಕಡೆಗೆ ಎಬ್ಬಿಸುತ್ತಾನೆ. ಎಬ್ಬಿಸಿದ್ದು ನಾನೇ ಎಂದು ಹೇಳುವುದಿಲ್ಲ. ಅವಳ ಕೋಶವೂ ತನ್ನದರಂತೆ ಕೆಟ್ಟಿತೆಂದು ನಂಬಲು ಬಿಡುತ್ತಾನೆ.

ಈ ಕ್ಷಣಕ್ಕೆ ಸಿನಿಮಾದ ಕೈಯಲ್ಲಿ ಅಸಾಧಾರಣವಾದ ಕಥಾವಸ್ತು ಇತ್ತು. ಒಳ್ಳೆಯವನೊಬ್ಬ, ಎಲ್ಲ ತಿಳಿದೂ, ಅಳಿಸಲಾಗದ ಅನ್ಯಾಯವೊಂದನ್ನು ಎಸಗಿದ್ದಾನೆ. ಇನ್ನೂ ಸೂಕ್ಷ್ಮವಾದ ಒಂದು ಸಂಗತಿ ಇದೆ: ಜಿಮ್ ಪ್ರೀತಿಸಿದ್ದು ಅರೋರಾಳನ್ನು ಎನ್ನುವುದೂ ಪೂರ್ತಿ ನಿಜವಲ್ಲ. ಅವನು ಪ್ರೀತಿಸಿದ್ದು ಅವಳ ದಾಖಲೆಗಳನ್ನು. ಮಲಗಿರುವ ಮುಖ, ಧ್ವನಿಮುದ್ರಿತ ನಗು, ಬರೆದಿಟ್ಟ ವಾಕ್ಯಗಳು. ಇವು ಯಾವುವೂ ಅವನನ್ನು ತಿರುಗಿ ನೋಡಲಾರವು, ಬೇಡ ಎನ್ನಲಾರವು. ಕಥೆಗಾರರು ಅವಳಿಗೆ ಕೊಟ್ಟಿರುವ ಹೆಸರೂ ಆಕಸ್ಮಿಕವಲ್ಲ. ಚೈಕಾವ್‌ಸ್ಕಿ ಸಂಗೀತ ನೀಡಿದ 1890ರ ಬ್ಯಾಲೆಯಲ್ಲಿ ರಾಜಕುಮಾರ ಬಂದು ಎಬ್ಬಿಸುವ ನಿದ್ರಾಸುಂದರಿ ಅರೋರಾ. ಅಲ್ಲಿ ಎಚ್ಚರವಾಗುವುದೆಂದರೆ ಶಾಪವಿಮೋಚನೆ. ಇಲ್ಲಿ ಎಚ್ಚರವೇ ಶಾಪ. ಹಳೆಯ ಕಥೆಯನ್ನು ತಲೆಕೆಳಗು ಮಾಡುವ ಧೈರ್ಯ ಈ ಚಿತ್ರಕಥೆಯಲ್ಲಿ ಇತ್ತು ಎಂಬುದಕ್ಕೆ ಇದು ಸಾಕ್ಷಿ. ಆ ಧೈರ್ಯ ಎಲ್ಲಿ ಕರಗಿತು ಎಂಬುದೇ ಪ್ರಶ್ನೆ.

ಅವರಿಬ್ಬರ ಸಂತೋಷದ ದಿನಗಳು

ಸಿನಿಮಾದ ಮೊದಲ ತಪ್ಪು ಹೆಜ್ಜೆ ಪ್ರಣಯದ ಭಾಗದಲ್ಲಿದೆ. ಅರೋರಾ ಎದ್ದು, ಗಾಬರಿಗೊಂಡು, ಬಾಗಿಲುಗಳನ್ನು ಬಡಿದು, ನಿರಾಶಳಾಗಿ, ನಿಧಾನವಾಗಿ ಜಿಮ್‌ನತ್ತ ತಿರುಗುತ್ತಾಳೆ. ಅವನು ಪುಟ್ಟ ಯಂತ್ರದ ಮೂಲಕ ಆಮಂತ್ರಣ ಕಳಿಸುತ್ತಾನೆ, ಬಾಹ್ಯಾಕಾಶದಲ್ಲಿ ನಡೆಯಲು ಕರೆದೊಯ್ಯುತ್ತಾನೆ. ರೊಡ್ರಿಗೊ ಪ್ರಿಯೆಟೊ ಅವರ ಛಾಯಾಗ್ರಹಣದಲ್ಲಿ ನಕ್ಷತ್ರಗಳ ನಡುವೆ ತೇಲುವ ಆ ಇಬ್ಬರು ಬಹಳ ಚೆಂದ ಕಾಣುತ್ತಾರೆ. ಚೆಂದ ಕಾಣುವುದೇ ತೊಂದರೆ. ಅವಳು ಹೇಳುವ ಎಷ್ಟೋ ಸಂಗತಿ ಅವನಿಗೆ ಮೊದಲೇ ಗೊತ್ತು. ಅವಳು ಅವನನ್ನು ಅರಿಯುತ್ತಿದ್ದಾಳೆ, ಅವನು ಅವಳನ್ನು ಓದಿ ಮುಗಿಸಿದ್ದಾನೆ. ಅವಳ ಮಟ್ಟಿಗೆ ಇದು ಎರಡು ಅನಾಥ ಜೀವಗಳ ಭೇಟಿ, ಅವನ ಮಟ್ಟಿಗೆ ಫಲಿಸಿದ ಯೋಜನೆ. ಈ ಅಸಮಾನತೆ ಪ್ರತಿ ದೃಶ್ಯದಲ್ಲೂ ಮುಳ್ಳಿನಂತೆ ಚುಚ್ಚಬೇಕಿತ್ತು. ಆದರೆ ಆಗಾಗ ಜಿಮ್‌ನ ಮುಖದ ಮೇಲೊಂದು ನೆರಳು ಸುಳಿಯುವುದನ್ನು ಬಿಟ್ಟರೆ, ಸಿನಿಮಾ ಇದನ್ನು ನಿಜವಾದ ಸುಖದ ಕಾಲವೆಂದೇ ಚಿತ್ರಿಸುತ್ತದೆ. ಸಂಗೀತ ಹಾಗೆ ಹೇಳುತ್ತದೆ, ಬೆಳಕು ಹಾಗೆ ಹೇಳುತ್ತದೆ.

ಇಲ್ಲಿ ಪ್ರೇಕ್ಷಕರ ಸ್ಥಾನವನ್ನೂ ಗಮನಿಸಬೇಕು. ಗುಟ್ಟು ಗೊತ್ತಿರುವುದು ಜಿಮ್‌ಗೆ, ಆರ್ಥರ್‌ಗೆ ಮತ್ತು ನಮಗೆ. ಅವಳ ತಲೆಯ ಮೇಲಿಂದ ನಾವು ಮೂವರೂ ಕಣ್ಣಿನಲ್ಲೇ ಮಾತನಾಡಿಕೊಳ್ಳುತ್ತಿರುವಂತೆ ಇಡೀ ಭಾಗ ರಚನೆಯಾಗಿದೆ. ಅವಳ ಮೈ ಮುಟ್ಟುವ ದೃಶ್ಯಗಳಲ್ಲಿ ಇದು ಸಹಿಸಲಾಗದ ಮುಜುಗರವಾಗುತ್ತದೆ. ಅವಳು ಒಪ್ಪಿದ್ದಾಳೆ, ಹೌದು. ಆದರೆ ಯಾವುದನ್ನು ಒಪ್ಪಿದ್ದಾಳೆಂದು ಅವಳಿಗೆ ತಿಳಿದಿಲ್ಲ. ಒಬ್ಬರ ಕೈಯಲ್ಲಿ ಎಲ್ಲ ಮಾಹಿತಿ, ಇನ್ನೊಬ್ಬರ ಕೈಯಲ್ಲಿ ಏನೂ ಇಲ್ಲದಿರುವಾಗ ಬರುವ ಹೌದು ಎಂಬ ಉತ್ತರಕ್ಕೆ ಎಷ್ಟು ಬೆಲೆ? ಸಿನಿಮಾ ಈ ಪ್ರಶ್ನೆಯನ್ನು ಕೇಳಿದ್ದರೆ ಪ್ರಣಯದ ಭಾಗವೇ ಅದರ ಅತ್ಯಂತ ಕಟುವಾದ ಭಾಗವಾಗುತ್ತಿತ್ತು.

ಗುಟ್ಟು ರಟ್ಟಾಗುವ ದೃಶ್ಯ ಮಾತ್ರ ಅಚ್ಚುಕಟ್ಟಾಗಿದೆ. ಅರೋರಾಳ ಹುಟ್ಟುಹಬ್ಬ. ಜಿಮ್ ಉಂಗುರ ಸಿದ್ಧಪಡಿಸಿಕೊಂಡಿದ್ದಾನೆ. ತಮ್ಮಿಬ್ಬರ ನಡುವೆ ಗುಟ್ಟುಗಳಿಲ್ಲ ಎಂದು ಅವಳು ಖುಷಿಯಲ್ಲಿ ಹೇಳುತ್ತಾಳೆ. ಬೇರೆ ಯೋಚನೆಯಲ್ಲಿರುವ ಜಿಮ್ ಅದಕ್ಕೆ ಹೂಂಗುಟ್ಟುತ್ತಾನೆ. ಆರ್ಥರ್ ಯಂತ್ರ, ಆ ಮಾತನ್ನು ಅಕ್ಷರಶಃ ನಂಬಿ, ಜಿಮ್ ಆಚೆ ಹೋದಾಗ ಅವಳಿಗೆ ಎಲ್ಲವನ್ನೂ ಹೇಳಿಬಿಡುತ್ತಾನೆ. ಮನುಷ್ಯನ ಸುಳ್ಳಿನ ಪದರಗಳನ್ನು ಅರಿಯದ ಯಂತ್ರದ ಬಾಯಿಂದಲೇ ಸತ್ಯ ಹೊರಬೀಳುವುದು ಬರವಣಿಗೆಯ ದೃಷ್ಟಿಯಿಂದ ಎಷ್ಟು ಸರಿಯಾದ ಆಯ್ಕೆ! ಆ ಕ್ಷಣದಲ್ಲಿ ಜೆನಿಫರ್ ಲಾರೆನ್ಸ್ ಅವರ ಅಭಿನಯವೂ ದೊಡ್ಡದು. ಅವಳು ಮೊದಲು ಕಿರಿಚುವುದಿಲ್ಲ. ಉಸಿರು ಸಿಕ್ಕದವಳಂತೆ ಕುಸಿಯುತ್ತಾಳೆ. ಅನಂತರ ಒಂದು ರಾತ್ರಿ ಮಲಗಿದ್ದ ಜಿಮ್‌ನ ಮೇಲೆ ಬಿದ್ದು ಹೊಡೆಯುತ್ತಾಳೆ, ಕೈಗೆ ಸಿಕ್ಕ ಆಯುಧವನ್ನು ಎತ್ತಿ ಹಿಡಿದು ಕಡೆಗೆ ಕೈಬಿಡುತ್ತಾಳೆ. ತನ್ನ ಜೀವವನ್ನೇ ಅವನು ಕಸಿದ ಎನ್ನುತ್ತಾಳೆ. ಈ ಮಾತಿಗೆ ಸಿನಿಮಾದಲ್ಲಿ ಯಾರ ಬಳಿಯೂ ಉತ್ತರವಿಲ್ಲ. ಉತ್ತರವಿಲ್ಲ ಎಂಬುದನ್ನು ಒಪ್ಪಿಕೊಂಡು ಅಲ್ಲಿ ನಿಂತಿದ್ದರೆ ಸಾಕಿತ್ತು.

ತಪ್ಪಿಸಿಕೊಂಡ ಮೂರು ದಾರಿಗಳು

116 ನಿಮಿಷದ ಸಿನಿಮಾದಲ್ಲಿ ಇಲ್ಲಿಂದ ಮುಂದೆ ನಡೆಯುವುದೆಲ್ಲ ಅರೋರಾಳ ಸಿಟ್ಟನ್ನು ಹೇಗಾದರೂ ಇಳಿಸುವ ಪ್ರಯತ್ನ.

ಮೊದಲನೆಯ ದಾರಿ ಗಸ್ ಮಂಕೂಸೊ. ಲಾರೆನ್ಸ್ ಫಿಶ್‌ಬರ್ನ್ ಅಭಿನಯದ ಈ ಹಿರಿಯ ಅಧಿಕಾರಿ ತನ್ನ ಕೋಶ ಕೆಟ್ಟು ಏಳುತ್ತಾನೆ. ಅವನು ಬಂದಾಗ ನಾನು ನೆಟ್ಟಗೆ ಕುಳಿತೆ. ಇಬ್ಬರೇ ಇದ್ದ ಲೋಕಕ್ಕೆ ಮೂರನೆಯವನು ಬಂದನೆಂದರೆ ಎಲ್ಲ ಬದಲಾಗಬೇಕು. ಅರೋರಾಳಿಗೆ ಮಾತನಾಡಲು ಜಿಮ್ ಅಲ್ಲದ ಇನ್ನೊಬ್ಬ ಮನುಷ್ಯ ಸಿಕ್ಕಿದ್ದಾನೆ. ತನ್ನ ಮೇಲೆ ಆದದ್ದನ್ನು ಹೇಳಲು ಸಾಕ್ಷಿ ಸಿಕ್ಕಿದೆ. ಇಬ್ಬರಿದ್ದಾಗ ಜಗಳವಷ್ಟೇ ಆಗಿದ್ದುದು ಮೂರನೆಯವನಿದ್ದಾಗ ನ್ಯಾಯದ ವಿಚಾರವಾಗುತ್ತದೆ. ಸಿನಿಮಾ ಈ ಅವಕಾಶವನ್ನು ಗುರುತಿಸಲೇ ಇಲ್ಲ. ಮುಳುಗುತ್ತಿರುವವನು ಇನ್ನೊಬ್ಬರನ್ನು ಎಳೆದುಕೊಳ್ಳುತ್ತಾನೆ, ಅದು ಸರಿಯಲ್ಲ, ಆದರೂ ಅವನು ಮುಳುಗುತ್ತಿದ್ದಾನಲ್ಲ ಎಂಬರ್ಥದ ಮಾತನ್ನು ಗಸ್ ಅವಳಿಗೆ ಹೇಳುತ್ತಾನೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುವ ನಮ್ಮ ಗಾದೆಯಲ್ಲಿ ಹುಲ್ಲುಕಡ್ಡಿಯ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಕಡ್ಡಿಗೆ ಹೆಸರಿತ್ತು, ಬರೆಯಬೇಕಾದ ಪುಸ್ತಕವಿತ್ತು. ಇಷ್ಟು ಹೇಳಿ, ತನ್ನ ಗುರುತಿನ ಚೀಟಿಯನ್ನು ಅವರಿಗೆ ಒಪ್ಪಿಸಿ ಗಸ್ ಸಾಯುತ್ತಾನೆ. ಬಾಗಿಲುಗಳನ್ನು ತೆರೆಯಲು ಮತ್ತು ಜಿಮ್‌ನ ಪರವಾಗಿ ಒಂದು ಮಾತು ಆಡಲು ಅವನನ್ನು ಕರೆತಂದಂತಿದೆ. ಅಂಥ ನಟನನ್ನು ಇಷ್ಟು ಅಲ್ಪವಾಗಿ ಬಳಸಿದ್ದು ನನಗೆ ನಿಜವಾದ ನೋವು.

ಎರಡನೆಯ ದಾರಿ ಯಂತ್ರದ ಕೋಣೆ. ಬಂಡೆ ಬಡಿದಂದಿನಿಂದ ಹಡಗು ಒಳಗೊಳಗೇ ಕೆಡುತ್ತ ಬಂದಿದೆ. ಗುರುತ್ವ ನಿಂತುಹೋಗಿ, ಈಜುಕೊಳದ ನೀರೆಲ್ಲ ಮೇಲೆದ್ದು ಅದರೊಳಗೆ ಅರೋರಾ ಸಿಲುಕುವ ದೃಶ್ಯ ತಾಂತ್ರಿಕವಾಗಿ ಬೆರಗು ಹುಟ್ಟಿಸುತ್ತದೆ. ಅಣುಸ್ಥಾವರ ಸಿಡಿಯುವ ಹಂತ ತಲುಪುತ್ತದೆ. ಸರಿಪಡಿಸಲು ಇಬ್ಬರು ಬೇಕು. ಅಂದರೆ ಜಿಮ್ ಅವಳನ್ನು ಎಬ್ಬಿಸದೇ ಇದ್ದಿದ್ದರೆ ಐದು ಸಾವಿರ ಜನ ಸಾಯುತ್ತಿದ್ದರು! ಚಿತ್ರಕಥೆ ಇಲ್ಲಿ ಮಾಡಿರುವ ಕೆಲಸ ಬಹಳ ಗಂಭೀರವಾದ ಅಪ್ರಾಮಾಣಿಕತೆ. ತನ್ನ ಏಕಾಂತ ತಾಳಲಾರದೆ ಮಾಡಿದ ತಪ್ಪಿಗೆ, ಮಾಡುವಾಗ ಅವನಿಗೆ ಕಿಂಚಿತ್ತೂ ಗೊತ್ತಿಲ್ಲದ ಸತ್ಫಲವೊಂದನ್ನು ತಂದು ಜೋಡಿಸಿ, ತಕ್ಕಡಿಯನ್ನು ಅವನ ಕಡೆಗೆ ವಾಲಿಸಲಾಗಿದೆ. ಜಿಮ್ ಮೂಲತಃ ಕೆಟ್ಟದ್ದನ್ನು ಸರಿಮಾಡುವ ಮನುಷ್ಯ. ದುರಸ್ತಿ ಮಾಡಲು ಏನಾದರೂ ಇರುವ ಲೋಕ ಬೇಕೆಂದೇ ಭೂಮಿ ಬಿಟ್ಟವನು. ಅವನ ಈ ಸ್ವಭಾವವನ್ನು ಸಿನಿಮಾ ತನ್ನ ತರ್ಕವನ್ನಾಗಿಯೂ ಮಾಡಿಕೊಂಡಿತು. ಹಡಗು ರಿಪೇರಿಯಾಯಿತು, ಆದ್ದರಿಂದ ಸಂಬಂಧವೂ ರಿಪೇರಿಯಾಯಿತು ಎಂದು ನಾವು ಭಾವಿಸಬೇಕಂತೆ.

ಮೂರನೆಯ ದಾರಿ ಜಿಮ್‌ನ ಸಾವು. ಸ್ಥಾವರದ ಶಾಖವನ್ನು ಹೊರಬಿಡಲು ಅವನು ಹೊರಗೆ ಹೋಗಿ, ದೂರಕ್ಕೆ ಎಸೆಯಲ್ಪಟ್ಟು, ಉಸಿರು ನಿಲ್ಲುತ್ತದೆ. ಅರೋರಾ ಅವನನ್ನು ಎಳೆತಂದು, ಗಸ್‌ನ ಅಧಿಕಾರ ಬಳಸಿ, ‘ಆಟೋಡಾಕ್’ ಎಂಬ ಸ್ವಯಂಚಾಲಿತ ಚಿಕಿತ್ಸಾ ಯಂತ್ರದಿಂದ ಬದುಕಿಸುತ್ತಾಳೆ. ಇದರಲ್ಲಿ ಒಂದು ಭಯಂಕರವಾದ ಸತ್ಯ ಅಡಗಿದೆ. ಅವನು ಸತ್ತರೆ ಈ ಹಡಗಿನಲ್ಲಿ ಉಳಿಯುವವಳು ಅವಳೊಬ್ಬಳೇ. ಏರ್‌ಲಾಕ್‌ನಲ್ಲಿ ನಿಂತಿದ್ದಾಗ ಜಿಮ್‌ನ ಮುಖದಲ್ಲಿ ಇದ್ದದ್ದು ಈಗ ಅವಳ ಮುಖದಲ್ಲಿದೆ. ಅವಳನ್ನು ಅವನ ಕಡೆಗೆ ಮರಳಿಸಿದ್ದು ಪ್ರೀತಿಯೋ, ಒಂಟಿತನದ ಹೆದರಿಕೆಯೋ? ಅವನು ಎಸಗಿದ ತಪ್ಪನ್ನು ಅವಳು ಒಳಗಿನಿಂದ ಅರ್ಥಮಾಡಿಕೊಂಡ ಗಳಿಗೆಯೇ ಅದು ಇರಬಹುದು. ಕ್ಷಮಿಸುವುದಕ್ಕೂ ಸೆರೆಯಾಳಾಗಿ ಶರಣಾಗುವುದಕ್ಕೂ ನಡುವಿನ ಗೆರೆ ಅಳಿಸಿಹೋದ ಗಳಿಗೆಯೂ ಇರಬಹುದು. ಇಂಥ ಸಂದಿಗ್ಧ ಕೈಗೆ ಬಂದಾಗ ಸಿನಿಮಾ ಅದನ್ನು ಪ್ರೇಮದ ವಿಜಯವೆಂದು ಘೋಷಿಸಿ ವಾದ್ಯಗಳನ್ನು ಮೊಳಗಿಸುತ್ತದೆ.

ಕಡೆಗಣಿಸಿದ ಕೇಂದ್ರ

ಹಾಗಿದ್ದರೂ ಸಿನಿಮಾದಲ್ಲಿ ಒಂದು ದೃಶ್ಯ ಉಳಿಯುತ್ತದೆ. ನನ್ನ ಓದಿನಲ್ಲಿ ಇಡೀ ಕಥೆಯ ಕೇಂದ್ರ ಅದೇ. ಚೇತರಿಸಿಕೊಂಡ ಜಿಮ್, ಆಟೋಡಾಕ್ ಯಂತ್ರ ಒಬ್ಬರನ್ನು ಮತ್ತೆ ದೀರ್ಘನಿದ್ರೆಗೆ ಕಳಿಸಬಲ್ಲದು ಎಂದು ಕಂಡುಹಿಡಿದು ಅರೋರಾಳಿಗೆ ತಿಳಿಸುತ್ತಾನೆ. ಒಬ್ಬರನ್ನು ಮಾತ್ರ. ಅವಳು ಮಲಗಬಹುದು, ಗ್ರಹ ತಲುಪಬಹುದು, ಭೂಮಿಗೆ ಮರಳಬಹುದು, ಪುಸ್ತಕ ಬರೆಯಬಹುದು. ಅವನು ಮತ್ತೆ ಒಬ್ಬನೇ ಆಗುತ್ತಾನೆ. ಇದು ಜಿಮ್ ಇಡೀ ಕಥೆಯಲ್ಲಿ ಮಾಡುವ ಅತ್ಯುತ್ತಮ ಕೆಲಸ. ಸ್ಥಾವರದ ಬೆಂಕಿಗೆ ಎದೆಯೊಡ್ಡಿದ್ದಕ್ಕಿಂತ ಇದು ದೊಡ್ಡದು, ಏಕೆಂದರೆ ಅಲ್ಲಿ ಅವನು ಎದುರಿಸಿದ್ದು ಸಾವನ್ನು, ಇಲ್ಲಿ ಎದುರಿಸುತ್ತಿರುವುದು ಸಾವಿಗಿಂತ ತಾನು ಹೆಚ್ಚು ಹೆದರಿದ್ದನ್ನು. ಅರೋರಾಳ ಮಟ್ಟಿಗಂತೂ ಎಚ್ಚರವಾದ ದಿನದಿಂದ ಮೊದಲ ಬಾರಿಗೆ ಬಾಗಿಲೊಂದು ತೆರೆದಿದೆ.

ಆಪ್ತತೆಯ ಬಗ್ಗೆ ಈ ಸಿನಿಮಾಕ್ಕೆ ಹೇಳಲು ಏನಾದರೂ ಇದ್ದಿದ್ದರೆ ಅದು ಇಲ್ಲಿಂದ ಶುರುವಾಗಬೇಕಿತ್ತು. ಬಿಟ್ಟುಹೋಗಲು ಸಾಧ್ಯವಿರುವವರು ಉಳಿದುಕೊಂಡಾಗ ಮಾತ್ರ ಉಳಿದುಕೊಳ್ಳುವುದಕ್ಕೆ ಅರ್ಥ ಬರುತ್ತದೆ. ಅದುವರೆಗೆ ಆ ಇಬ್ಬರ ನಡುವೆ ಇದ್ದದ್ದು ಸಹವಾಸ, ಆಕರ್ಷಣೆ, ವಂಚನೆ, ಅವಲಂಬನೆ. ಆಪ್ತತೆ ಸಾಧ್ಯವಾಗುವುದು ಅವಳಿಗೆ ಹೋಗುವ ಹಕ್ಕು ಮರಳಿ ಸಿಕ್ಕ ಮೇಲೆ. ಅವಳು ಏನು ಯೋಚಿಸಿದಳು? ಎಷ್ಟು ದಿನ ಯೋಚಿಸಿದಳು? ಭೂಮಿಯ ಗೆಳತಿಯರು ನೆನಪಾದರೇ? ಮಲಗಿ ಎದ್ದರೆ ತನ್ನ ಪಕ್ಕದಲ್ಲಿ ಒಬ್ಬ ಮನುಷ್ಯ ಒಂಟಿಯಾಗಿ ಬದುಕಿ ಸತ್ತ ಗುರುತುಗಳು ಇರುತ್ತವೆ ಎಂಬುದನ್ನು ಕಲ್ಪಿಸಿಕೊಂಡಳೇ? ಸಿನಿಮಾ ಇದಕ್ಕೆ ಕೊಡುವುದು ಕೆಲವೇ ಕ್ಷಣ. ಅವಳು ಉಳಿಯುತ್ತಾಳೆ, ಕಥೆ 88 ವರ್ಷ ಮುಂದೆ ಜಿಗಿಯುತ್ತದೆ. ಸ್ಥಾವರದ ಗದ್ದಲಕ್ಕೆ ಧಾರಾಳವಾಗಿ ಸಮಯ ಕೊಟ್ಟವರು ಒಬ್ಬ ಹೆಣ್ಣಿನ ಬದುಕಿನ ತೀರ್ಮಾನಕ್ಕೆ ಸಮಯ ಕೊಡಲಿಲ್ಲ.

ಬೇರೆ ಹೇಗೆ ಕಟ್ಟಬಹುದಿತ್ತು?

ಸಿನಿಮಾ ಬಂದ ಮೇಲೆ ಹಲವರು ಒಂದು ಪರ್ಯಾಯ ಸೂಚಿಸಿದರು: ಕಥೆ ಅರೋರಾ ಏಳುವುದರಿಂದ ಶುರುವಾಗಲಿ. ಆಗ ಜಿಮ್ ನಮಗೂ ಅಪರಿಚಿತ. ಅವಳ ಜೊತೆ ನಾವೂ ಅವನನ್ನು ನಂಬುತ್ತೇವೆ, ಅವಳ ಜೊತೆ ನಾವೂ ಮೋಸಹೋಗುತ್ತೇವೆ, ಆಮೇಲೆ ಅವನ ಒಂಟಿ ವರ್ಷದ ಕಥೆ ಹಿನ್ನೋಟವಾಗಿ ಬರುತ್ತದೆ. ಇದು ಬುದ್ಧಿವಂತ ಸಲಹೆ. ಗುಟ್ಟಿನಲ್ಲಿ ನಾವು ಪಾಲುದಾರರಾಗುವ ಮುಜುಗರ ಇದರಿಂದ ತಪ್ಪುತ್ತದೆ. ಆದರೂ ನಾನು ಇದನ್ನು ಪೂರ್ತಿ ಒಪ್ಪಲಾರೆ. ಹಾಗೆ ಮಾಡಿದರೆ ಕಥೆ ರೋಚಕವಾಗುತ್ತದೆ, ಜಿಮ್ ಖಳನಾಯಕನಂತೆ ಕಾಣುತ್ತಾನೆ, ಮತ್ತು ಈ ಸಿನಿಮಾ ನಿಜವಾಗಿ ಸಾಧಿಸಿದ ಒಂದೇ ಭಾಗ, ಆ ಒಂಟಿ ವರ್ಷ, ಸಮಜಾಯಿಷಿಯ ಮಟ್ಟಕ್ಕೆ ಇಳಿಯುತ್ತದೆ. ಜಿಮ್‌ನ ಸಂಕಟವನ್ನು ಮೊದಲೇ ಅನುಭವಿಸಿ, ಅವನ ಮೇಲೆ ಕನಿಕರ ಹುಟ್ಟಿದ ಮೇಲೆ, ಆ ಕನಿಕರವಿದ್ದೂ ಅವನ ಕೃತ್ಯ ಕ್ಷಮಾರ್ಹವಲ್ಲ ಎಂದು ತಿಳಿಯುವುದು ಹೆಚ್ಚು ಕಷ್ಟದ, ಹೆಚ್ಚು ಬೆಲೆಯುಳ್ಳ ಅನುಭವ.

ನನ್ನ ಅಭಿಪ್ರಾಯದಲ್ಲಿ ಕಥೆಯ ಕ್ರಮ ಹಾಗೆಯೇ ಇರಬಹುದಿತ್ತು. ಅರೋರಾ ಎದ್ದ ಮೇಲೆ ಕ್ಯಾಮೆರಾ ಅವಳ ಕಡೆಗೆ ಹೊರಳಬೇಕಿತ್ತು. ಇದೊಂದು ನಷ್ಟ ದೊಡ್ಡದು: ಜಿಮ್‌ನ ಏಕಾಂತಕ್ಕೆ ಅರ್ಧ ಗಂಟೆ ಸಿಕ್ಕಿದೆ, ಸತ್ಯ ತಿಳಿದ ಮೇಲಿನ ಅರೋರಾಳ ಏಕಾಂತಕ್ಕೆ ಸಿಕ್ಕಿದ್ದು ಅದರ ಸಣ್ಣ ಪಾಲು. ಇಡೀ ಹಡಗಿನಲ್ಲಿ ಇರುವ ಇನ್ನೊಬ್ಬನೇ ತನ್ನ ಬದುಕು ಕಸಿದವನು ಎಂದಾಗ ಹುಟ್ಟುವ ಏಕಾಂತ ಜಿಮ್‌ನದಕ್ಕಿಂತ ಕ್ರೂರ. ಧ್ವನಿವರ್ಧಕದಲ್ಲಿ ಜಿಮ್ ಕ್ಷಮೆ ಕೋರುತ್ತಿದ್ದಾನೆ, ಅವಳು ಎಲ್ಲಿಗೆ ಓಡಿದರೂ ಆ ಧ್ವನಿ ಬರುತ್ತದೆ. ಸಿನಿಮಾದಲ್ಲಿರುವ ಈ ಒಂದು ಪ್ರಸಂಗವನ್ನೇ ಬೆಳೆಸಿದ್ದರೂ ಸಾಕಿತ್ತು. ಗಸ್ ಇನ್ನಷ್ಟು ಕಾಲ ಬದುಕಬೇಕಿತ್ತು. ಆಟೋಡಾಕ್‌ನ ಸುದ್ದಿ ಸ್ಥಾವರದ ಗದ್ದಲಕ್ಕೆ ಮುಂಚೆಯೇ ಬಂದಿದ್ದರೆ, ದ್ವಿತೀಯಾರ್ಧ ಪೂರ್ತಿ ಆ ತೆರೆದ ಬಾಗಿಲಿನ ಮುಂದೆ ನಡೆಯುತ್ತಿತ್ತು. ಆಗ ಅವಳು ಹೋದರೂ ಅದು ಕಥೆ, ಉಳಿದರೂ ಕಥೆ. ಅವಳು ಹೋಗಿಬಿಡಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಉಳಿಯುವ ತೀರ್ಮಾನ ಅವಳದೇ ಎಂದು ನಂಬಲು ನಮಗೆ ಆಧಾರ ಕೊಡಬೇಕಿತ್ತು.

ಪ್ರಚಾರದ ವಿಷಯವನ್ನೂ ಹೇಳದೆ ಬಿಡುವಂತಿಲ್ಲ. ಬಿಡುಗಡೆಗೆ ಮುಂಚಿನ ಟ್ರೇಲರ್ ಇಬ್ಬರೂ ಆಕಸ್ಮಿಕವಾಗಿ ಎಚ್ಚರಗೊಂಡವರು ಎಂಬ ಭಾವನೆ ಮೂಡಿಸಿತ್ತು. ಕಥೆಯ ಬೆನ್ನೆಲುಬಾದ ಕೃತ್ಯವನ್ನೇ ಮುಚ್ಚಿಟ್ಟು, ಸಾಹಸ ಮತ್ತು ಪ್ರಣಯ ಎಂದು ಮಾರಲಾಯಿತು. ತಿರುವನ್ನು ಗುಟ್ಟಾಗಿಡುವುದು ಎಲ್ಲರೂ ಮಾಡುವ ಕೆಲಸ, ನಿಜ. ಆದರೆ ಸುಮಾರು ಅರ್ಧ ಗಂಟೆಯಲ್ಲೇ ತೆರೆಯ ಮೇಲೆ ಬರುವ ಸಂಗತಿ ತಿರುವಲ್ಲ, ಕಥೆಯ ವಿಷಯವೇ ಅದು. ಅದನ್ನು ಮುಚ್ಚಿಟ್ಟವರಿಗೆ ತಾವು ಮಾಡಿರುವ ಸಿನಿಮಾದ ವಿಷಯದ ಬಗ್ಗೆಯೇ ಅಳುಕಿತ್ತು ಎಂದು ನನಗನ್ನಿಸುತ್ತದೆ. ಆ ಅಳುಕೇ ದ್ವಿತೀಯಾರ್ಧದ ಪ್ರತಿ ತೀರ್ಮಾನದಲ್ಲೂ ಕಾಣುತ್ತದೆ.

ಕೊನೆಯ ದೃಶ್ಯದಲ್ಲಿ ಸಿಬ್ಬಂದಿ ಏಳುತ್ತಾರೆ. ಆಂಡಿ ಗಾರ್ಸಿಯಾ ಅಭಿನಯದ ಕ್ಯಾಪ್ಟನ್ ಕ್ಷಣಕಾಲ ಕಾಣಿಸುತ್ತಾನೆ. ಹಡಗಿನ ಒಳಾಂಗಣದಲ್ಲಿ ಮರಗಳು, ಬಳ್ಳಿಗಳು, ಒಂದು ಮನೆ. ಜಿಮ್ ಮತ್ತು ಅರೋರಾ ಬಾಳಿ ಹೋಗಿದ್ದಾರೆ. ಹಿನ್ನೆಲೆಯಲ್ಲಿ ಅರೋರಾ ಬರೆದಿಟ್ಟ ಪುಸ್ತಕದ ಸಾಲುಗಳು ಕೇಳುತ್ತವೆ. ಅವಳು ಈ ಪ್ರಯಾಣಕ್ಕೆ ಹೊರಟದ್ದೇ ಬರೆಯಲಿಕ್ಕಾಗಿ. ತನ್ನ ಬದುಕನ್ನು ಕಸಿದವನ ಜೊತೆ ಒಂದು ಜೀವಮಾನ ಕಳೆದ ಹೆಣ್ಣು ಅದರ ಬಗ್ಗೆ ಏನು ಬರೆದಾಳು ಎಂಬ ಕುತೂಹಲ ಇಡೀ ಸಿನಿಮಾದಲ್ಲಿ ನಮಗೆ ಹುಟ್ಟಬಹುದಾದ ಅತಿ ದೊಡ್ಡ ಕುತೂಹಲ. ಆದರೆ ಅವಳ ಧ್ವನಿ ಹೇಳುವುದು, ಎಲ್ಲೋ ಇರಬೇಕಿತ್ತೆಂದು ಹಲುಬುತ್ತ ಇರುವ ಜಾಗದಲ್ಲಿ ಬದುಕುವುದನ್ನು ಮರೆಯಬಾರದೆಂದು ಸ್ನೇಹಿತನೊಬ್ಬ ಹೇಳಿದ್ದ, ಎಂದು. ಆರ್ಥರ್ ಎಂಬ ಯಂತ್ರ ಜಿಮ್‌ನ ಒಂಟಿತನಕ್ಕೆ ಮದ್ದಾಗಿ ಬಾರಿನಲ್ಲಿ ಹೇಳಿದ್ದ ಅದೇ ಮಾತು. ಅರೋರಾಳ ಪುಸ್ತಕದಿಂದ ನಮಗೆ ಕೇಳಿಸಲು ಸಿನಿಮಾ ಆರಿಸಿಕೊಂಡ ಸಾಲು ಜಿಮ್‌ನ ಕಥೆಯಿಂದ ಎತ್ತಿಕೊಂಡದ್ದು. ಸತ್ಯ ತಿಳಿದ ಆ ರಾತ್ರಿಯ ಬಗ್ಗೆ, ಆಟೋಡಾಕ್‌ನ ಮುಂದೆ ತಾನು ಆಯ್ದುಕೊಂಡದ್ದರ ಬಗ್ಗೆ ಅವಳು ಬರೆದ ಒಂದು ವಾಕ್ಯವೂ ನಮಗೆ ಕೇಳಿಸುವುದಿಲ್ಲ.